ಸಾಕುನಾಯಿಯ ಔಷಧ ಚೀಟಿ: ಮಾಲೀಕರ ಹಕ್ಕು, ಪಶುವೈದ್ಯರ ಹೊಣೆ, ದೂರಿನ ದಾರಿ

ಸಾಕುನಾಯಿಯ ಚಿಕಿತ್ಸೆಯಲ್ಲಿ ಔಷಧದ ಕಾರಣಕ್ಕೆ ಮಾಲೀಕರಿಗೂ ಪಶುವೈದ್ಯರಿಗೂ ನಡುವೆ ಏಳುವ ತಕರಾರುಗಳು ಸಾಮಾನ್ಯವಾಗಿ ನಾಲ್ಕು ಬಗೆಯವು: ಮಾತ್ರೆ ಕೊಟ್ಟು ಚೀಟಿ ಕೊಡದಿರುವುದು, ಔಷಧವನ್ನು ಕ್ಲಿನಿಕ್ಕಿನಲ್ಲೇ ಕೊಳ್ಳಬೇಕೆಂದು ಪಟ್ಟು ಹಿಡಿಯುವುದು, ಬಹುಕಾಲದಿಂದ ನಡೆಯುತ್ತಿರುವ ಔಷಧವನ್ನು ಮತ್ತೆ ಬರೆದುಕೊಡಲು ನಿರಾಕರಿಸುವುದು, ಮತ್ತು ತಪ್ಪು ಔಷಧದಿಂದಲೋ ತಪ್ಪು ಪ್ರಮಾಣದಿಂದಲೋ ನಾಯಿಗೆ ಹಾನಿಯಾಗುವುದು. ಈ ನಾಲ್ಕಕ್ಕೂ ಕಾನೂನು ಒಂದೇ ಉತ್ತರ ಕೊಡುವುದಿಲ್ಲ; ಕೆಲವು ಸಂದರ್ಭಗಳಲ್ಲಿ ಮಾಲೀಕರ ಹಕ್ಕು ಸ್ಪಷ್ಟವಾಗಿದ್ದರೆ, ಇನ್ನು ಕೆಲವು ಸಂದರ್ಭಗಳಲ್ಲಿ ವೈದ್ಯರ ನಿರಾಕರಣೆಯೇ ನ್ಯಾಯಸಮ್ಮತವಾಗಿರುತ್ತದೆ. ಪ್ರಾಣಿಗಳ ಔಷಧ ಚೀಟಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲದಿರುವುದರಿಂದ, ವೈದ್ಯರ ಅರ್ಹತೆಗೆ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯ್ದೆಯನ್ನು, ಚೀಟಿ ಮತ್ತು ಮಾರಾಟದ ಕ್ರಮಕ್ಕೆ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆ ಹಾಗೂ ಅದರಡಿಯ 1945ರ ನಿಯಮಗಳನ್ನು, ಪರಿಹಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯನ್ನು ಒಟ್ಟಿಗೆ ಓದಿಕೊಳ್ಳಬೇಕಾಗುತ್ತದೆ.

ಚೀಟಿ ಬರೆಯುವ ಅಧಿಕಾರ ಯಾರಿಗೆ?

ಪಶುವೈದ್ಯಕೀಯ ಪರಿಷತ್ತು ಕಾಯ್ದೆಯ 30ನೇ ಪ್ರಕರಣದ ಪ್ರಕಾರ ಪ್ರಾಣಿಗಳಿಗೆ ಚಿಕಿತ್ಸೆ ನೀಡುವ ವೃತ್ತಿಯನ್ನು ನೋಂದಾಯಿತ ಪಶುವೈದ್ಯರು ಮಾತ್ರ ನಡೆಸಬಹುದು. ನೋಂದಾಯಿತ ಪಶುವೈದ್ಯರೆಂದರೆ ಮಾನ್ಯತೆ ಪಡೆದ ಪಶುವೈದ್ಯಕೀಯ ಪದವಿ ಪಡೆದು, ರಾಜ್ಯದ ಪಶುವೈದ್ಯಕೀಯ ಪರಿಷತ್ತಿನಲ್ಲಿ, ಅಂದರೆ ಇಲ್ಲಿ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿನಲ್ಲಿ, ಹೆಸರು ದಾಖಲಿಸಿ ನೋಂದಣಿ ಸಂಖ್ಯೆ ಹೊಂದಿರುವವರು. ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದ ಸಹಾಯಕ ಸಿಬ್ಬಂದಿಗೆ ರಾಜ್ಯ ಸರ್ಕಾರ ಆದೇಶದ ಮೂಲಕ ಸಣ್ಣಪುಟ್ಟ ಸೇವೆಗಳಿಗೆ ಅನುಮತಿ ಕೊಡಬಹುದಾದರೂ, ಅವರು ಆ ಸೇವೆಯನ್ನು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸಲ್ಲಿಸಬೇಕು. ಆದ್ದರಿಂದ ಸಾಕುಪ್ರಾಣಿಗಳ ಆಹಾರ ಮಾರುವ ಅಂಗಡಿಯವರಾಗಲಿ, ನಾಯಿ ತಳಿ ಬೆಳೆಸುವವರಾಗಲಿ, ತರಬೇತುದಾರರಾಗಲಿ ಔಷಧ ಬರೆದುಕೊಟ್ಟರೆ ಅದು ಕಾನೂನಿನ ಕಣ್ಣಿನಲ್ಲಿ ಚೀಟಿಯೇ ಅಲ್ಲ. ವೈದ್ಯರ ನೋಂದಣಿ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳುವುದು ಮಾಲೀಕರ ಮೊದಲ ಮುನ್ನೆಚ್ಚರಿಕೆ; ಅದನ್ನು ಕೇಳುವುದರಿಂದ ಯಾವ ವೈದ್ಯರಿಗೂ ಅವಮಾನವಾಗುವುದಿಲ್ಲ.

ಇಲ್ಲಿ ಇನ್ನೊಂದು ತೊಡಕನ್ನೂ ಬಿಡಿಸಿಕೊಳ್ಳಬೇಕು. ನಾಯಿಗಳ ಅಪಸ್ಮಾರ, ಹೃದ್ರೋಗ ಮುಂತಾದ ಕಾಯಿಲೆಗಳಿಗೆ ಪಶುವೈದ್ಯರು ಎಷ್ಟೋ ಸಲ ಮನುಷ್ಯರಿಗೆಂದು ತಯಾರಾದ ಔಷಧವನ್ನೇ ಬರೆಯುತ್ತಾರೆ. ಅಂಥ ಚೀಟಿಯನ್ನು ಹಿಡಿದು ಹೋದಾಗ ಕೆಲವು ಮೆಡಿಕಲ್ ಶಾಪ್‌ಗಳಲ್ಲಿ ಅದನ್ನು ಒಪ್ಪುವುದಿಲ್ಲ. ಆದರೆ ಔಷಧ ನಿಯಮಗಳು 'ನೋಂದಾಯಿತ ವೈದ್ಯಕೀಯ ವೃತ್ತಿನಿರತ' ಎಂಬ ಪದಕ್ಕೆ ಕೊಟ್ಟಿರುವ ಅರ್ಥವಿವರಣೆಯಲ್ಲಿ, ರಾಜ್ಯ ಸರ್ಕಾರ ಒಪ್ಪಿದ ಅರ್ಹತೆಯುಳ್ಳ ಪಶುವೈದ್ಯರೂ ಸೇರಿದ್ದಾರೆ. ಹಾಗಾಗಿ ಪಶುವೈದ್ಯರ ಚೀಟಿ ಎಂಬ ಒಂದೇ ಕಾರಣಕ್ಕೆ ಅದನ್ನು ಅಮಾನ್ಯವೆಂದು ಹೇಳುವಂತಿಲ್ಲ.

ಚೀಟಿಯಲ್ಲಿ ಏನೇನಿರಬೇಕು?

1945ರ ನಿಯಮಗಳ 65ನೇ ನಿಯಮವು ಚೀಟಿಯ ಸ್ವರೂಪವನ್ನು ಹೇಳುತ್ತದೆ. ಚೀಟಿ ಬರವಣಿಗೆಯಲ್ಲಿರಬೇಕು, ಅದರಲ್ಲಿ ವೈದ್ಯರ ಸಹಿ ಮತ್ತು ದಿನಾಂಕ ಇರಬೇಕು, ಔಷಧ ಪ್ರಾಣಿಗೆ ಬಳಸುವಂಥದ್ದಾದರೆ ಆ ಪ್ರಾಣಿಯ ಮಾಲೀಕರ ಹೆಸರು ಮತ್ತು ವಿಳಾಸ ಇರಬೇಕು, ಕೊಡಬೇಕಾದ ಔಷಧದ ಒಟ್ಟು ಪ್ರಮಾಣವನ್ನೂ ಒಂದು ಸಲಕ್ಕೆ ಕೊಡಬೇಕಾದ ಅಳತೆಯನ್ನೂ ನಮೂದಿಸಿರಬೇಕು. ಉದಾಹರಣೆಗೆ, ಚರ್ಮದ ಸೋಂಕಿಗೆ ಒಂದು ಮಾತ್ರೆಯ ಹೆಸರನ್ನಷ್ಟೇ ಗೀಚಿ 'ದಿನಕ್ಕೆರಡು' ಎಂದು ಬರೆದರೆ ನಿಯಮ ಪೂರ್ಣವಾಗಿ ಪಾಲನೆಯಾದಂತಲ್ಲ. ಎಷ್ಟು ಮಿಲಿಗ್ರಾಂ ಮಾತ್ರೆ, ಒಂದು ಹೊತ್ತಿಗೆ ಅರ್ಧವೋ ಪೂರ್ತಿಯೋ, ಒಟ್ಟು ಎಷ್ಟು ಮಾತ್ರೆ ಎಂಬುದು ಅದರಲ್ಲಿ ತಿಳಿಯಬೇಕು. ನಾಯಿಯ ತೂಕವನ್ನು ಬರೆಯಬೇಕೆಂದು ಈ ನಿಯಮ ಹೇಳದಿದ್ದರೂ, ಔಷಧದ ಪ್ರಮಾಣ ತೂಕದ ಮೇಲೆಯೇ ನಿರ್ಧಾರವಾಗುವುದರಿಂದ, ಅಂದಿನ ತೂಕವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಮುಂದೆ ಪ್ರಮಾಣ ಹೆಚ್ಚಾಯಿತೆಂಬ ತಕರಾರು ಬಂದರೆ ಆ ಒಂದು ಅಂಕಿಯೇ ಸಾಕ್ಷ್ಯವಾಗುತ್ತದೆ.

ಔಷಧಗಳನ್ನು ನಿಯಮಗಳು ಕೆಲವು ಅನುಸೂಚಿಗಳಾಗಿ, ಅಂದರೆ ಪಟ್ಟಿಗಳಾಗಿ, ವಿಂಗಡಿಸಿವೆ. 'ಎಚ್' ಅನುಸೂಚಿಯ ಔಷಧಗಳನ್ನು ಚೀಟಿ ಇಲ್ಲದೆ ಚಿಲ್ಲರೆಯಾಗಿ ಮಾರುವಂತಿಲ್ಲ. 2014ರ ಮಾರ್ಚ್ 1ರಿಂದ ಜಾರಿಗೆ ಬಂದ 'ಎಚ್1' ಅನುಸೂಚಿಯಲ್ಲಿ ಕೆಲವು ಪ್ರಬಲ ಪ್ರತಿಜೈವಿಕಗಳೂ ನೋವುನಿವಾರಕಗಳೂ ಇದ್ದು, ನಾಯಿಗಳಿಗೂ ಬರೆಯಲಾಗುವ ಸೆಫ್‌ಪೊಡಾಕ್ಸಿಮ್ ಮತ್ತು ಟ್ರಾಮಡಾಲ್ ಅವುಗಳಲ್ಲಿ ಸೇರಿವೆ. ಇವುಗಳನ್ನು ಮಾರುವಾಗ ಅಂಗಡಿಯವರು ವೈದ್ಯರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ ಅದನ್ನು 3 ವರ್ಷ ಕಾಪಾಡಬೇಕು. ಕೆಟಮಿನ್‌ನಂಥ ಅರಿವಳಿಕೆ ಔಷಧ ಇರುವ 'ಎಕ್ಸ್' ಅನುಸೂಚಿಗೆ ಇನ್ನೂ ಬಿಗಿಯಾದ ಕ್ರಮವಿದ್ದು, ಚೀಟಿ ಎರಡು ಪ್ರತಿಗಳಲ್ಲಿರಬೇಕು ಮತ್ತು ಅಂಗಡಿಯವರು ಒಂದು ಪ್ರತಿಯನ್ನು 2 ವರ್ಷ ಇಟ್ಟುಕೊಳ್ಳಬೇಕು. ಎಚ್ ಅನುಸೂಚಿಯ ಔಷಧವನ್ನು ವೈದ್ಯರು ಬರೆದಿದ್ದರೆ ಅದರ ಬದಲಿಗೆ ಅಂಗಡಿಯವರು ತಾವಾಗಿಯೇ ಬೇರೊಂದನ್ನು ಕೊಡುವುದಕ್ಕೂ 65ನೇ ನಿಯಮ ತಡೆಯೊಡ್ಡುತ್ತದೆ.

ಕ್ಲಿನಿಕ್ಕಿನಲ್ಲೇ ಕೊಳ್ಳಬೇಕೆಂಬ ಒತ್ತಾಯ

ಪಶುವೈದ್ಯರು ತಮ್ಮಲ್ಲಿರುವ ಔಷಧವನ್ನು ತಮ್ಮದೇ ರೋಗಿಗೆ ಕೊಡುವುದು ತಪ್ಪಲ್ಲ. ನಿಯಮಗಳ 'ಕೆ' ಅನುಸೂಚಿಯು, ವೈದ್ಯರು ತಮ್ಮ ಸ್ವಂತ ರೋಗಿಗೆ ಕೊಡುವ ಔಷಧಕ್ಕೆ ಮಾರಾಟ ಪರವಾನಗಿಯಿಂದ ವಿನಾಯಿತಿ ನೀಡಿದೆ. ಆದರೆ ಅದಕ್ಕೆ ಷರತ್ತುಗಳಿವೆ: ಅವರು ಬೀದಿಗೆ ತೆರೆದ ಅಂಗಡಿ ಇಟ್ಟಿರಬಾರದು, ಕೌಂಟರಿನ ಮೇಲೆ ಬಂದವರಿಗೆಲ್ಲ ಮಾರಬಾರದು, ಔಷಧದ ವ್ಯಾಪಾರವನ್ನೇ ನಡೆಸಬಾರದು. ತಾವು ಪರೀಕ್ಷಿಸದ ನಾಯಿಗೆ ಮಾಲೀಕರು ಕೇಳಿದರೆಂದು ಔಷಧ ಮಾರುವ ಕ್ಲಿನಿಕ್ಕು ಈ ವಿನಾಯಿತಿಯ ಗಡಿ ದಾಟುತ್ತದೆ. ಅಂಥ ಕಡೆ ಮಾರಾಟ ಪರವಾನಗಿ ಇರಲೇಬೇಕು.

ಹೊರಗೆ ಕೊಳ್ಳಲು ಚೀಟಿ ಕೇಳಿದಾಗ ಕೊಡದೆ, ಔಷಧವನ್ನು ತಮ್ಮಲ್ಲೇ ಕೊಂಡರೆ ಮಾತ್ರ ಚಿಕಿತ್ಸೆ ಎಂದು ಹೇಳಿದರೆ ಪ್ರಶ್ನೆ ಗ್ರಾಹಕ ಕಾನೂನಿಗೆ ಬರುತ್ತದೆ. ಒಂದು ಸೇವೆಯನ್ನು ಪಡೆಯಲು ಇನ್ನೊಂದು ವಸ್ತುವನ್ನು ಕೊಳ್ಳಲೇಬೇಕೆಂಬ ಷರತ್ತನ್ನು 2019ರ ಕಾಯ್ದೆ 'ನಿರ್ಬಂಧಕ ವ್ಯಾಪಾರ ಪದ್ಧತಿ' ಎಂದು ಗುರುತಿಸುತ್ತದೆ. ಸೇವೆಗೂ ವಸ್ತುವಿಗೂ ಬಿಲ್ಲು ಅಥವಾ ರಸೀತಿ ಕೊಡದಿರುವುದು ಅದೇ ಕಾಯ್ದೆಯಡಿ 'ಅನುಚಿತ ವ್ಯಾಪಾರ ಪದ್ಧತಿ'ಯಾಗುತ್ತದೆ. ಪೊಟ್ಟಣದ ಮೇಲೆ ಮುದ್ರಿಸಿದ ಬೆಲೆಗಿಂತ ಹೆಚ್ಚು ಹಣ ಪಡೆದರೆ ಅದೂ ದೂರಿಗೆ ಆಧಾರ. ಆದರೂ ಒಂದು ಮಿತಿಯನ್ನು ಅರಿತಿರಬೇಕು. ಮನುಷ್ಯರ ಆಸ್ಪತ್ರೆಗಳು ತಮ್ಮ ಔಷಧಾಲಯದಲ್ಲೇ ಕೊಳ್ಳುವಂತೆ ಒತ್ತಾಯಿಸುವುದನ್ನು ತಡೆಯಬೇಕೆಂದು ಕೋರಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ತಾನೇ ಕಡ್ಡಾಯ ನಿರ್ದೇಶನ ಕೊಡದೆ, ನೀತಿ ರೂಪಿಸುವುದನ್ನು ರಾಜ್ಯ ಸರ್ಕಾರಗಳ ವಿವೇಚನೆಗೆ ಬಿಟ್ಟಿತು. ಹಾಗಾಗಿ ಒತ್ತಾಯ ನಡೆಯಿತೆಂಬುದನ್ನು ಸಂದೇಶ, ಬಿಲ್ಲು ಅಥವಾ ಲಿಖಿತ ಉತ್ತರದ ಮೂಲಕ ತೋರಿಸುವ ಹೊಣೆ ದೂರುದಾರರ ಮೇಲೆಯೇ ಇರುತ್ತದೆ.

ವೈದ್ಯರು ನಿರಾಕರಿಸಬಹುದಾದ ಸಂದರ್ಭ

ನಾಯಿಯನ್ನು ಕರೆತರದೆ ಹಳೆಯ ಚೀಟಿಯನ್ನೇ ಮುಂದುವರಿಸಿ ಬರೆದುಕೊಡಬೇಕೆಂಬ ಬೇಡಿಕೆಯನ್ನು ಒಪ್ಪದ ವೈದ್ಯರ ಮೇಲೆ ಮಾಲೀಕರಿಗೆ ಸಿಟ್ಟು ಬರುವುದು ಸಹಜವಾದರೂ, ಕಾನೂನು ಅಲ್ಲಿ ಬಹುಮಟ್ಟಿಗೆ ವೈದ್ಯರ ಪರವಾಗಿದೆ. ಮತ್ತೆ ಕೊಡಬಹುದೆಂದು ವೈದ್ಯರೇ ಚೀಟಿಯಲ್ಲಿ ಬರೆದಿರದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕೆಂಬುದು 65ನೇ ನಿಯಮದ ವಿಧಿ. ಔಷಧ ಕೊಟ್ಟ ಅಂಗಡಿಯವರು ತಮ್ಮ ಹೆಸರು, ವಿಳಾಸ ಮತ್ತು ದಿನಾಂಕವನ್ನು ಚೀಟಿಯ ಮೇಲೆ ನಮೂದಿಸಬೇಕಾದದ್ದೂ ಇದಕ್ಕಾಗಿಯೇ. ಅಪಸ್ಮಾರಕ್ಕೆ ಫಿನೋಬಾರ್ಬಿಟೋನ್ ತೆಗೆದುಕೊಳ್ಳುವ ನಾಯಿಯ ಯಕೃತ್ತಿನ ಸ್ಥಿತಿಯನ್ನೂ ರಕ್ತದಲ್ಲಿ ಔಷಧದ ಮಟ್ಟವನ್ನೂ ಆಗಾಗ ಪರೀಕ್ಷಿಸಬೇಕಾಗುವುದರಿಂದ, ವೈದ್ಯರು ಪರೀಕ್ಷೆಗೆ ಒತ್ತಾಯಿಸುವುದು ಹಣದಾಸೆಯೆಂದು ತೀರ್ಮಾನಿಸಲಾಗದು. ಅದೇ ಹೊತ್ತಿಗೆ ಈ ಔಷಧವನ್ನು ಥಟ್ಟನೆ ನಿಲ್ಲಿಸಿದರೆ ಸೆಳವು ಮರುಕಳಿಸುವ ಅಪಾಯವಿರುವುದರಿಂದ, ನಾಯಿಯ ಸ್ಥಿತಿ ಗೊತ್ತಿದ್ದೂ ಔಷಧ ತೀರಿಹೋಗದಂತೆ ತಾತ್ಕಾಲಿಕ ವ್ಯವಸ್ಥೆಯನ್ನಾಗಲಿ ಬೇರೆ ವೈದ್ಯರಿಗೆ ಪರಿಚಯಪತ್ರವನ್ನಾಗಲಿ ಕೊಡದೆ ಕೈಬಿಟ್ಟರೆ ಅದನ್ನು ಪ್ರಶ್ನಿಸಲು ಅವಕಾಶವಿದೆ. ಮಾಲೀಕರು ಮೊದಲೇ ಕೇಳಿ, ಎಷ್ಟು ತಿಂಗಳವರೆಗೆ ಮತ್ತೆ ಔಷಧ ಪಡೆಯಬಹುದೆಂಬುದನ್ನು ಚೀಟಿಯಲ್ಲೇ ಬರೆಸಿಕೊಂಡರೆ ಈ ತಕರಾರು ಬಹುಪಾಲು ಏಳುವುದೇ ಇಲ್ಲ.

ಚೀಟಿ ಸಿಗಲಿಲ್ಲವೆಂದು ಮನೆಯಲ್ಲಿರುವ ಮನುಷ್ಯರ ಮಾತ್ರೆಯನ್ನು ಕೊಡುವುದು ಅಪಾಯಕರ. ಸಾಮಾನ್ಯ ನೋವುನಿವಾರಕವಾದ ಐಬುಪ್ರೊಫೆನ್ ನಾಯಿಗಳಲ್ಲಿ ಹೊಟ್ಟೆಯ ಹುಣ್ಣಿಗೂ ಮೂತ್ರಪಿಂಡದ ವೈಫಲ್ಯಕ್ಕೂ ಕಾರಣವಾಗಬಲ್ಲದು. ಮಾಲೀಕರೇ ಹೀಗೆ ಔಷಧ ಕೊಟ್ಟಿದ್ದರೆ, ಮುಂದೆ ವೈದ್ಯರ ವಿರುದ್ಧ ಹೂಡುವ ದೂರು ದುರ್ಬಲವಾಗುತ್ತದೆ.

ನಿರ್ಲಕ್ಷ್ಯ ಎಂದರೇನು?

ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ವಿರುದ್ಧ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಪು ನೀಡಿತು. ಗ್ರಾಹಕ ಆಯೋಗಗಳು ಪಶುವೈದ್ಯರ ವಿರುದ್ಧದ ದೂರುಗಳನ್ನೂ ವಿಚಾರಣೆಗೆ ತೆಗೆದುಕೊಳ್ಳುತ್ತ ಬಂದಿವೆ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ದೊರೆಯುವ ಸೇವೆ ಈ ವ್ಯಾಪ್ತಿಗೆ ಬರುವುದಿಲ್ಲ. ನಾಯಿಗಳನ್ನು ಮಾರಾಟಕ್ಕಾಗಿ ಬೆಳೆಸುವ ವಾಣಿಜ್ಯ ಉದ್ದೇಶದವರೂ ಸಾಮಾನ್ಯವಾಗಿ 'ಗ್ರಾಹಕ' ಎನಿಸಿಕೊಳ್ಳುವುದಿಲ್ಲ.

ಔಷಧ ಫಲಿಸಲಿಲ್ಲವೆಂಬುದಷ್ಟೇ ನಿರ್ಲಕ್ಷ್ಯವಲ್ಲ. 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ತನ್ನಲ್ಲಿದೆಯೆಂದು ಹೇಳಿಕೊಂಡ ಕೌಶಲ ವೈದ್ಯರಲ್ಲಿ ಇರದಿದ್ದರೆ, ಅಥವಾ ಇದ್ದ ಕೌಶಲವನ್ನು ಸಾಧಾರಣ ಸಾಮರ್ಥ್ಯದಿಂದ ಬಳಸದಿದ್ದರೆ ಮಾತ್ರ ಅದು ನಿರ್ಲಕ್ಷ್ಯ. ಎರಡು ಒಪ್ಪಿತ ವಿಧಾನಗಳಲ್ಲಿ ಒಂದನ್ನು ಆರಿಸಿಕೊಂಡದ್ದು ನಿರ್ಲಕ್ಷ್ಯವಾಗದು. ಈ ಮಾನದಂಡ ಪಶುವೈದ್ಯರಿಗೂ ಹೊಂದುತ್ತದೆ. ಕಾಲಿ ತಳಿಯ ನಾಯಿಗಳಲ್ಲಿ ಒಂದು ಆನುವಂಶಿಕ ದೋಷದಿಂದಾಗಿ ಐವರ್ಮೆಕ್ಟಿನ್ ಔಷಧವು ಹೆಚ್ಚಿನ ಪ್ರಮಾಣದಲ್ಲಿ ವಿಷವಾಗಬಲ್ಲದೆಂಬುದು ಪಶುವೈದ್ಯಕೀಯದಲ್ಲಿ ಚೆನ್ನಾಗಿ ತಿಳಿದಿರುವ ವಿಷಯ. ತಳಿಯನ್ನು ವಿಚಾರಿಸದೆ ಅಂಥ ಪ್ರಮಾಣ ಬರೆದರೆ ನಿರ್ಲಕ್ಷ್ಯದ ಪ್ರಶ್ನೆ ಗಂಭೀರವಾಗುತ್ತದೆ. ಎಲ್ಲ ಪ್ರಕರಣಗಳಲ್ಲೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲವೆಂದು 2010ರ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರೂ, ಔಷಧದ ತಕರಾರಿನಲ್ಲಿ ಇನ್ನೊಬ್ಬ ನೋಂದಾಯಿತ ಪಶುವೈದ್ಯರ ಲಿಖಿತ ಅಭಿಪ್ರಾಯ ದೂರಿಗೆ ಬಲ ತುಂಬುತ್ತದೆ.

ನಾಯಿ ಸತ್ತರೆ ಮರಣೋತ್ತರ ಪರೀಕ್ಷೆ ಅತಿ ಮುಖ್ಯ. ಶವವನ್ನು ತಂಪಾಗಿ, ಆದರೆ ಹೆಪ್ಪುಗಟ್ಟದಂತೆ ಇರಿಸಿ, ಸಾಧ್ಯವಾದಷ್ಟು ಬೇಗ ಸರ್ಕಾರಿ ಪಶು ಆಸ್ಪತ್ರೆಯನ್ನೋ ಹೆಬ್ಬಾಳ, ಶಿವಮೊಗ್ಗ, ಹಾಸನ ಅಥವಾ ಬೀದರಿನ ಪಶುವೈದ್ಯಕೀಯ ಕಾಲೇಜನ್ನೋ ಸಂಪರ್ಕಿಸಬೇಕು. ಹೂತು ಮುಗಿದ ಮೇಲೆ ಸಾವಿನ ಕಾರಣವನ್ನು ಸ್ಥಾಪಿಸುವುದು ಬಹಳ ಕಷ್ಟ.

ದೂರು ಎಲ್ಲಿ, ಹೇಗೆ?

ಮನುಷ್ಯರ ವೈದ್ಯರ ವಿರುದ್ಧ ದೂರು ಕೇಳುವ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಪಶುವೈದ್ಯರ ಮೇಲೆ ಅಧಿಕಾರವಿಲ್ಲ. ರೋಗಿಯ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವೂ ಮನುಷ್ಯರ ವೈದ್ಯರಿಗೆ ಸಂಬಂಧಿಸಿದ್ದು. ಅದನ್ನು ಪಶುವೈದ್ಯರಿಗೆ ತೋರಿಸಿ ವಾದಿಸುವುದು ನಿಲ್ಲುವುದಿಲ್ಲ. ಸರಿಯಾದ ದಾರಿಗಳು ಹೀಗಿವೆ:

1. ವೃತ್ತಿ ದುರ್ನಡತೆ: ಅನರ್ಹರ ಚಿಕಿತ್ಸೆ ಅಥವಾ ವೃತ್ತಿಧರ್ಮ ಮೀರಿದ ವರ್ತನೆಯ ಬಗ್ಗೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಲಿಖಿತ ದೂರು ಕೊಡಬಹುದು. ಪಶುವೈದ್ಯರ ವೃತ್ತಿ ನಡವಳಿಕೆಗೆ 1992ರ ವಿನಿಯಮಗಳಿವೆ. ಪರಿಷತ್ತು ವಿಚಾರಣೆ ನಡೆಸಿ ನೋಂದಣಿಯಿಂದ ಹೆಸರು ತೆಗೆಯಬಲ್ಲದು, ಆದರೆ ಹಣದ ಪರಿಹಾರ ಕೊಡಿಸಲಾರದು.

2. ಔಷಧ ಮಾರಾಟದ ಲೋಪ: ಪರವಾನಗಿ ಇಲ್ಲದ ಮಾರಾಟ, ಅವಧಿ ಮೀರಿದ ಅಥವಾ ಸಂಶಯಾಸ್ಪದ ಔಷಧದ ಬಗ್ಗೆ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರಬೇಕು. ಕೊಂಡ ಔಷಧವನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನು 1940ರ ಕಾಯ್ದೆಯ 26ನೇ ಪ್ರಕರಣ ನೀಡುತ್ತದೆ. ಪ್ರಾಣಿಗಳ ಔಷಧದ ಪೊಟ್ಟಣದ ಮೇಲೆ ಅದು ಮನುಷ್ಯರಿಗಲ್ಲವೆಂಬ ಬರಹವೂ ಸಾಕುಪ್ರಾಣಿಯ ತಲೆಯ ಚಿಹ್ನೆಯೂ ಇರಬೇಕು.

3. ಹಣದ ಪರಿಹಾರ: ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮೂಲಕ ರಾಜಿಗೆ ಯತ್ನಿಸಬಹುದು. ಆಗದಿದ್ದರೆ ದೂರುದಾರರು ವಾಸಿಸುವ ಜಿಲ್ಲೆಯ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ, ನೇರವಾಗಿಯೋ ಇ-ಜಾಗೃತಿ ಪೋರ್ಟಲ್ ಮೂಲಕವೋ ದೂರು ಸಲ್ಲಿಸಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ; ವಕೀಲರಿಲ್ಲದೆ ಸ್ವತಃ ವಾದಿಸಲೂಬಹುದು. ಆಯೋಗದ ಆದೇಶದ ವಿರುದ್ಧ 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು.

4. ಸರ್ಕಾರಿ ಪಶು ಆಸ್ಪತ್ರೆ: ಇಲ್ಲಿನ ದಾಖಲೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ ಸಲ್ಲಿಸಿ ಕೇಳಬಹುದು, ಸಾಮಾನ್ಯವಾಗಿ 30 ದಿನಗಳಲ್ಲಿ ಉತ್ತರ ಬರಬೇಕು. ಲೋಪದ ಬಗ್ಗೆ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಮೇಲಧಿಕಾರಿಗಳಿಗೆ ದೂರಬಹುದು.

ಯಾವ ದಾರಿ ಹಿಡಿದರೂ ಜೊತೆಗಿರಬೇಕಾದ ದಾಖಲೆಗಳು ಒಂದೇ: ಚೀಟಿ, ಬಿಲ್ಲು, ಔಷಧದ ಖಾಲಿ ಪಟ್ಟಿ ಅಥವಾ ಬಾಟಲಿ, ಪ್ರಯೋಗಾಲಯದ ವರದಿ, ಲಸಿಕೆ ಪುಸ್ತಕ ಮತ್ತು ವೈದ್ಯರೊಂದಿಗಿನ ಸಂದೇಶಗಳು. ಚೀಟಿಯಿಲ್ಲದ ಔಷಧಕ್ಕೂ ಬಿಲ್ಲಿಲ್ಲದ ಹಣಕ್ಕೂ ಸಾಕ್ಷ್ಯ ಹುಡುಕುವುದು ಕಷ್ಟವಾದ್ದರಿಂದ, ಕ್ಲಿನಿಕ್ಕಿನಿಂದ ಹೊರಡುವ ಮೊದಲೇ ಸಹಿ, ದಿನಾಂಕ ಮತ್ತು ಪ್ರಮಾಣ ಸ್ಪಷ್ಟವಾಗಿರುವ ಚೀಟಿಯನ್ನೂ ರಸೀತಿಯನ್ನೂ ಕೇಳಿ ಪಡೆಯುವುದನ್ನು ಪ್ರತಿಯೊಬ್ಬ ಮಾಲೀಕರೂ ರೂಢಿ ಮಾಡಿಕೊಳ್ಳಬೇಕು.