ತಿಂಗಳಿಗೆ ಆರುನೂರು ರೂಪಾಯಿಯ ಪದವಿ

ನೈಸರ್ಗಿಕ ಸಂಪನ್ಮೂಲ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ನನಗೆ ತಗುಲಿದ್ದು 14,40,000 ರೂಪಾಯಿ. ವಿಶ್ವವಿದ್ಯಾಲಯ ಅಮೆರಿಕದ್ದು, ಓದಿದ್ದು ಡೊಂಬಿವಲಿಯ ಮನೆಯಲ್ಲಿ ಕೂತು, ಆನ್‌ಲೈನಿನಲ್ಲಿ. ನವಿ ಮುಂಬಯಿಯ ಮಹಾಪೆಯಲ್ಲಿ ರಾಸಾಯನಿಕ ಕಂಪನಿಯೊಂದರ ಪರಿಸರ ವಿಭಾಗದಲ್ಲಿ ನನ್ನ ಕೆಲಸ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳಿಗೆ 2022-23ರಿಂದ ಬಿಆರ್‌ಎಸ್‌ಆರ್ ಎಂಬ ಪರಿಸರ-ಸಾಮಾಜಿಕ ಹೊಣೆಗಾರಿಕೆಯ ವರದಿ ಕಡ್ಡಾಯ ಎಂದು ಸೆಬಿ 2021ರಲ್ಲೇ ಹೇಳಿತ್ತು. ನೀರು, ತ್ಯಾಜ್ಯ, ಇಂಗಾಲದ ಲೆಕ್ಕ ಬಲ್ಲವರಿಗೆ ಬೆಲೆ ಬರುತ್ತದೆ ಎಂದು ಲೆಕ್ಕ ಹಾಕಿ ಎಫ್‌ಡಿ ಮುರಿದೆ.

ಬೆಲೆ ಬಂತು. ಎಷ್ಟು ಬಂತು, ನೋಡೋಣ.

ಶುಲ್ಕ 18,000 ಡಾಲರ್, ಆರು ಕಂತು. ಮೊದಲ ಕಂತು ಕಟ್ಟಿದ 2022ರ ಜನವರಿಯಲ್ಲಿ ಡಾಲರಿಗೆ ಸುಮಾರು 75 ರೂಪಾಯಿ. ಅದೇ ದರ ಉಳಿದಿದ್ದರೆ 13,50,000ಕ್ಕೆ ಮುಗಿಯುತ್ತಿತ್ತು. 2023ರ ಕೊನೆಗೆ ದರ 83 ದಾಟಿತ್ತು. ಸರಾಸರಿ 80 ಹಿಡಿದರೆ 14,40,000. ಅಂದರೆ ಒಂದು ಪಾಠವೂ ಹೆಚ್ಚಿಗೆ ಸಿಗದೆ 90,000 ಜಾಸ್ತಿ.

ಪದವಿ ಕೈಗೆ ಬಂದ ಮೇಲೆ ಸಂಬಳ ತಿಂಗಳಿಗೆ 9,000 ಏರಿತು. 14,40,000 ಅನ್ನು 9,000ದಿಂದ ಭಾಗಿಸಿದರೆ 160 ತಿಂಗಳು, ಹದಿಮೂರು ವರ್ಷ ಚಿಲ್ಲರೆ. ನೆಂಟರಿಷ್ಟರು ಇಷ್ಟಕ್ಕೇ ಲೆಕ್ಕ ನಿಲ್ಲಿಸಿ ‘ಪರವಾಗಿಲ್ಲ’ ಅನ್ನುತ್ತಾರೆ. ಆದರೆ ಆ ದುಡ್ಡು ಎಫ್‌ಡಿಯಲ್ಲೇ ಇದ್ದಿದ್ದರೆ? ಶೇ 7ರಂತೆ ವರ್ಷಕ್ಕೆ 1,00,800, ತಿಂಗಳಿಗೆ 8,400. ಬಡ್ಡಿಗೂ ಸಂಬಳಕ್ಕೂ ತೆರಿಗೆ ಒಂದೇ ಸ್ಲ್ಯಾಬಿನಲ್ಲಿ. 9,000ದಲ್ಲಿ 8,400 ಕಳೆದರೆ ಉಳಿಯುವುದು 600. ಆ ವೇಗದಲ್ಲಿ ಅಸಲು ಮರಳಲು 2,400 ತಿಂಗಳು, ಇನ್ನೂರು ವರ್ಷ ಬೇಕು.

ಓದು ವ್ಯರ್ಥ ಅನ್ನುತ್ತಿಲ್ಲ. 2022ರಲ್ಲಿ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿದ ಥಾಣೆ ಕ್ರೀಕ್, ಕಲ್ಯಾಣದ ಉಲ್ಹಾಸ ಮತ್ತು ವಾಲಧುನಿ ನದಿಗಳು ನನಗೆ ಈಗ ಅರ್ಥವಾಗುತ್ತವೆ. ಅವುಗಳನ್ನು ಅರ್ಥ ಮಾಡಿಕೊಳ್ಳಲು ಇಗ್ನೋದ ಪರಿಸರ ವಿಜ್ಞಾನ ಎಂಎಸ್ಸಿಯೂ ಇದೆ. ಅದರ ಖರ್ಚು ಲಕ್ಷ ಮುಟ್ಟುವುದಿಲ್ಲ, ದೇಶದೊಳಗೆ ಮಾನ್ಯತೆಯ ತಕರಾರೂ ಇಲ್ಲ.

ನನಗೆ ತಲೆಕೆಡುವುದು ‘ಮನೆಯಲ್ಲೇ ವಿದೇಶಿ ಪದವಿ, ನೋ ಕಾಸ್ಟ್ ಇಎಂಐ’ ಎಂದು ಫೋನ್ ಮಾಡುವ ಎಡ್‌ಟೆಕ್ ಸೇಲ್ಸ್‌ನವರಿಂದ. ಕೌನ್ಸೆಲರ್ ಅಂತೆ! ಎಡ್‌ಟೆಕ್ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಹೆಸರಲ್ಲಿ ಮಾರುವ ಆನ್‌ಲೈನ್ ಪದವಿಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2023ರ ಡಿಸೆಂಬರಿನಲ್ಲೇ ಎಚ್ಚರಿಸಿದೆ. ಫೋನಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಇಎಂಐ ಬಡ್ಡಿ ಶುಲ್ಕದೊಳಗೇ ಅಡಗಿರುತ್ತದೆ. ಪೂರ್ತಿ ದುಡ್ಡು ಒಟ್ಟಿಗೆ ಕಟ್ಟಿದರೆ ಎಷ್ಟು ಬಿಡುತ್ತೀರಿ ಎಂದು ಕೇಳಿ, ಗುಟ್ಟು ಹೊರಬೀಳುತ್ತದೆ.

ದೇಶದ ಸಂಸ್ಥೆ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಸೇರುವುದೂ ಸಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು ಯುಜಿಸಿ ಸಾರಿದ್ದು 2015ರಲ್ಲಿ. ಅಷ್ಟರಲ್ಲಿ ಜನ ಸೇರಿ, ದುಡ್ಡು ಕಟ್ಟಿ, ಓದುತ್ತಿದ್ದರು. ಮಾನ್ಯತೆ ಮರಳಿದ್ದು 2018-19ಕ್ಕೆ.

ನಮ್ಮವರ ಅಭ್ಯಾಸವೇ ವಿಚಿತ್ರ. ದುಡ್ಡು ಉಳಿಸಲು ಲೋಕಲ್ ರೈಲಿನ ಸೆಕೆಂಡ್ ಕ್ಲಾಸ್ ಪಾಸಿನಲ್ಲಿ ಕಲ್ಯಾಣದಿಂದ ನಿಂತೇ ಹೋಗುತ್ತೇವೆ, ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಚೌಕಾಶಿ ಮಾಡುತ್ತೇವೆ. ಲಕ್ಷಗಟ್ಟಲೆಯ ಶುಲ್ಕಕ್ಕೆ ಮಾತ್ರ ಮೊಬೈಲಿಗೆ ಬಂದ ಒಟಿಪಿ ಓದಿ ಹೇಳಿಬಿಡುತ್ತೇವೆ. ಶಿಕ್ಷಣದ ಹೆಸರು ಕೇಳಿದೊಡನೆ ಚೌಕಾಶಿ ಮಾಡಲು ನಾಚಿಕೆ.

ಸೇರುವ ಮುನ್ನ ಎರಡು ಕೆಲಸ ಮಾಡಿ. ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯ, ಆ ಕೋರ್ಸು, ಆ ವರ್ಷ, ಮೂರೂ ಇವೆಯೇ ನೋಡಿ. ಆಮೇಲೆ ಆಫೀಸಿನ ಎಚ್‌ಆರ್‌ಗೆ ಇಮೇಲ್ ಹಾಕಿ, ಈ ಪದವಿ ಮುಗಿಸಿದರೆ ಸಂಬಳ ಎಷ್ಟು ಏರುತ್ತದೆ ಎಂದು ಕೇಳಿ. ಉತ್ತರ ಬರೆದು ಕೊಡದಿದ್ದರೆ ಏರಿಕೆ ಸೊನ್ನೆ ಎಂದೇ ಹಿಡಿದು ಲೆಕ್ಕ ಹಾಕಿ. ಆಗಲೂ ಓದುವ ಮನಸ್ಸಿದ್ದರೆ ಇಗ್ನೋ ಅರ್ಜಿ ತುಂಬಿ.