ಕೊಡುವ ಮುನ್ನ ಹಲ್ಲು ಎಣಿಸಿ

ಪರೀಕ್ಷೆ ಮುಗಿಯುವ ಹೊತ್ತಿಗೆ ಊರಿಗೆ ಊರೇ ಅಟ್ಟ ಹತ್ತುತ್ತದೆ. ಬಾಡಿಗೆ ಕರಾರು ಮುಗಿದವರು, ಹೊಸ ಫ್ಲ್ಯಾಟಿಗೆ ಹೊರಟವರು, ಮಗಳ ಎಸ್ಸೆಸ್ಸೆಲ್ಸಿ ಮುಗಿಯಿತೆಂದು ಉಸಿರು ಬಿಟ್ಟವರು, ಎಲ್ಲರೂ ರಟ್ಟಿನ ಪೆಟ್ಟಿಗೆ ಕೆಳಗಿಳಿಸುವುದು ಏಪ್ರಿಲ್-ಮೇ ತಿಂಗಳಲ್ಲೇ. ಆಮೇಲೆ ನನ್ನಂಥ ನಿವೃತ್ತ ಮೇಷ್ಟರಿಗೆ ಫೋನು ಬರುತ್ತದೆ: ‘ಸಾರ್, ಯಾವುದಾದರೂ ಆಶ್ರಮ ಗೊತ್ತಿದ್ದರೆ ಹೇಳಿ. ಒಂದಷ್ಟು ಪುಸ್ತಕ, ಪಾತ್ರೆ-ಪಡಗ ಇವೆ. ಭಾನುವಾರದೊಳಗೆ ಕೊಟ್ಟುಬಿಡಬೇಕು.’ ಪೆಟ್ಟಿಗೆಯಲ್ಲಿ ಏನೇನಿದೆಯಪ್ಪ ಎಂದು ಕೇಳಿದರೆ ಆ ಕಡೆಯಿಂದ ಸದ್ದಿಲ್ಲ.

ದಾನಕ್ಕೆ ಬಂದ ಆಕಳಿನ ಹಲ್ಲು ಎಣಿಸಬಾರದು ಎಂದು ನಮ್ಮವರು ಹೇಳಿದ್ದು ಪಡೆಯುವವರಿಗೆ. ಕೊಡುವವರು ಆ ಗಾದೆಯ ಮರೆಯಲ್ಲಿ ನಿಂತುಕೊಳ್ಳಬಾರದು. ಎಣಿಸುವ ಕೆಲಸ ನಿಮ್ಮದು, ಅದೂ ಆಕಳು ಇನ್ನೂ ನಿಮ್ಮ ಕೊಟ್ಟಿಗೆಯಲ್ಲಿ ಇರುವಾಗಲೇ. ನಚಿಕೇತನ ಕಥೆ ನಿಮಗೆಲ್ಲ ಗೊತ್ತು. ಯಮನ ಮನೆಯಲ್ಲಿ ಮೂರು ರಾತ್ರಿ ಕಾದದ್ದು, ಮೂರು ವರ ಪಡೆದದ್ದು ನೆನಪಿರುತ್ತದೆ. ಅವನು ಅಲ್ಲಿಗೆ ಹೋಗಬೇಕಾಗಿ ಬಂದದ್ದು ಯಾಕೆಂಬುದು ಮರೆತುಹೋಗಿರುತ್ತದೆ. ಅಪ್ಪ ಯಜ್ಞ ಮಾಡಿ, ಹಾಲು ಬತ್ತಿದ, ಮೇವು ಅಗಿಯಲೂ ಆಗದ ಮುದಿ ಹಸುಗಳನ್ನು ಹೊಡೆದುಕೊಂಡು ಬಂದು ದಾನ ಕೊಡುತ್ತಿದ್ದ. ಹುಡುಗನಿಗೆ ಅದನ್ನು ನೋಡಲಾಗಲಿಲ್ಲ. ನಮ್ಮ ರಟ್ಟಿನ ಪೆಟ್ಟಿಗೆಗಳಲ್ಲೂ ಅಂಥ ಹಸುಗಳು ಬೇಕಾದಷ್ಟಿವೆ.

ಪುಸ್ತಕದಿಂದಲೇ ಶುರು ಮಾಡೋಣ, ಹೆಚ್ಚು ಗೋಜಲು ಇರುವುದು ಅಲ್ಲೇ. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಜನ ನಾವು. ಆಯುಧಪೂಜೆಯ ದಿನ ಅದಕ್ಕೆ ಹೂವೇರಿಸುತ್ತೇವೆ. ಹಾಗಾಗಿ ಯಾವ ಪುಸ್ತಕವನ್ನೂ ರದ್ದಿಗೆ ಹಾಕಲು ಕೈ ಬರುವುದಿಲ್ಲ. ಆ ಸಂಕಟವನ್ನು ಏನು ಮಾಡುತ್ತೇವೆ? ಹಗ್ಗ ಬಿಗಿದು ಯಾವುದೋ ಶಾಲೆಯ ಜಗುಲಿಯ ಮೇಲೆ ಇಳಿಸಿ ಬರುತ್ತೇವೆ. ಸರಸ್ವತಿಯನ್ನು ಗುಜರಿಗೆ ಹಾಕಿದ ಪಾಪ ನಮಗೆ ಬೇಡ, ಅದು ಹೆಡ್‌ಮಾಸ್ತರರಿಗೆ ಇರಲಿ! ಅಂಥ ಕಟ್ಟುಗಳನ್ನು ಬಿಚ್ಚಿ ನೋಡಿದವನು ನಾನು. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಸರ್ಕಾರವೇ ಉಚಿತವಾಗಿ ಕೊಡುತ್ತದೆ. ನಿಮ್ಮ ಮಗನ ಬೇರೆ ಸಿಲಬಸ್ಸಿನ, ಉತ್ತರವೆಲ್ಲ ಪೆನ್ನಿನಲ್ಲಿ ತುಂಬಿದ ವರ್ಕ್‌ಬುಕ್ ಅಲ್ಲಿ ಯಾರಿಗೆ ಬೇಕು? ಆ ಸಿಲಬಸ್ಸಿನ ಪಠ್ಯಪುಸ್ತಕಗಳ ನಿಜವಾದ ವಾರಸುದಾರ ನಿಮ್ಮದೇ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯಲ್ಲಿ, ನಿಮ್ಮ ಮಗನಿಗಿಂತ ಒಂದು ಕ್ಲಾಸು ಹಿಂದೆ ಇರುತ್ತಾನೆ. ಲಿಫ್ಟಿನಲ್ಲಿ ಸಿಕ್ಕಾಗ ಒಂದು ಮಾತು ಕೇಳಿದರೆ ಸಾಕು. ಪಠ್ಯ ಬದಲಾಗಿದೆಯೇ ಎಂದು ಅವನ ತಾಯಿಯೇ ನಿಮಗಿಂತ ಚೆನ್ನಾಗಿ ಹೇಳುತ್ತಾಳೆ.

ಗೈಡುಗಳ ಹಲ್ಲನ್ನು ಇನ್ನೂ ಹುಷಾರಾಗಿ ಎಣಿಸಬೇಕು. ಕರ್ನಾಟಕಕ್ಕೆ 30 ಜಿಲ್ಲೆ ಎಂದು ಬರೆದಿರುವ ಸಾಮಾನ್ಯ ಜ್ಞಾನದ ಪುಸ್ತಕವನ್ನು ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗಿಗೆ ಕೊಟ್ಟರೆ ಅವಳಿಗೆ ನೀವು ಕೊಟ್ಟದ್ದು ಒಂದು ತಪ್ಪು ಉತ್ತರ. ವಿಜಯನಗರ 31ನೆಯ ಜಿಲ್ಲೆಯಾದದ್ದು 2021ರಲ್ಲಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಸೆಕ್ಷನ್ನುಗಳ ನಂಬರುಗಳೇ ಬೇರೆ. ನೀಟ್ ಪಠ್ಯಕ್ರಮದಿಂದಲೂ 2024ರ ಪರೀಕ್ಷೆಯಿಂದ ಹಲವು ಪಾಠಗಳು ಹೋದವು. ಊರ ಹುಡುಗರಿಗೆ ಇದನ್ನೆಲ್ಲ ಹೇಳುವ ಕೋಚಿಂಗ್ ಸೆಂಟರ್ ಇರುವುದಿಲ್ಲ. ಸಿಕ್ಕಿದ್ದನ್ನು ನಂಬಿ ಬಾಯಿಪಾಠ ಮಾಡುತ್ತಾರೆ. ಇಂಥವನ್ನು ಧೈರ್ಯವಾಗಿ ರದ್ದಿಗೆ ಹಾಕಿ. ಹಳೇ ಪೇಪರಿನವನ ತಕ್ಕಡಿಗೆ ಹೋದ ಕಾಗದ ಮತ್ತೆ ಕಾಗದವೋ ರಟ್ಟೋ ಆಗುತ್ತದೆ, ಅದರಿಂದ ಸರಸ್ವತಿ ಮುನಿಯುವುದಿಲ್ಲ.

ವಯಸ್ಸಾಗದ ಪುಸ್ತಕಗಳೂ ಇವೆ. ಕಿಟೆಲ್ ಸಾಹೇಬರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನಲ್ಲಿ. ಇವತ್ತಿಗೂ ವಿದ್ವಾಂಸರು ಅದನ್ನು ತೆರೆಯುತ್ತಾರೆ. ಯಾವ ನಿಘಂಟನ್ನೂ ಎಸೆಯಬೇಡಿ. ಚಂದಮಾಮದ ಹಳೆಯ ಸಂಚಿಕೆಗಳು, ಪಂಚತಂತ್ರ, ಜಾನಪದ ಕಥೆ, ಕಾದಂಬರಿ, ನಾಟಕ, ಅಟ್ಲಾಸು (ಜಿಲ್ಲೆಗಳ ಸಂಖ್ಯೆ ನೋಡಿಕೊಂಡು!) ಇವೆಲ್ಲ ಹಾಲು ಕರೆಯುವ ಹಸುಗಳೇ. ನಿರಂಜನರ ಸಂಪಾದಕತ್ವದಲ್ಲಿ ಬಂದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟ ನಿಮ್ಮ ತಾತನ ಕಪಾಟಿನಲ್ಲಿದ್ದರೆ ಏಳನ್ನೂ ಒಂದೇ ಕಡೆ ಕೊಡಿ, ಅಣ್ಣನ ಮಗನಿಗೆ ಮೂರು, ಲೈಬ್ರರಿಗೆ ನಾಲ್ಕು ಎಂದು ಒಡೆಯಬೇಡಿ. ಮೊದಲ ಹಾಳೆಯಲ್ಲಿ ‘ಚಿ. ಸೌ. ಇವಳಿಗೆ ಮದುವೆಯ ನೆನಪಿಗೆ’ ಎಂದು ಯಾರೋ ಬರೆದಿದ್ದರೆ ನಾಚಿಕೆಯಿಂದ ಹರಿಯುವವರಿದ್ದಾರೆ. ಹರಿಯಬಾರದು. ಆ ಹಾಳೆಯ ಬೆನ್ನಿಗೆ ಪ್ರಕಾಶಕರ ಹೆಸರು, ಮುದ್ರಣದ ವರ್ಷ ಇರಬಹುದು, ಅದಿಲ್ಲದ ಪುಸ್ತಕ ಊರು ಹೆಸರಿಲ್ಲದ್ದಾಗುತ್ತದೆ. ಹರಿಯುವ ಬದಲು ಒಳಗೆ ತಡಕಿ. ಹಿರಿಯರ ಪುಸ್ತಕಗಳಲ್ಲಿ ಜಾತಕ, ವಿಮೆ ಪಾಲಿಸಿ, ಮೊಮ್ಮಗನ ಫೋಟೊ, ಗರಿ ನೋಟು, ಯಾರಿಗೂ ತೋರಿಸದ ಕಾಗದ ಎಲ್ಲ ಇರುತ್ತವೆ.

ಇನ್ನು ಮೂಸಿ ನೋಡಿ. ಮಲೆನಾಡು, ಕರಾವಳಿಯ ಮನೆಯವರಿಗೆ ಇದು ಮುಖ್ಯ. ಬೂಷ್ಟಿನ ವಾಸನೆ ಇದ್ದರೆ, ಹಾಳೆಯ ನಡುವೆ ಬೆಳ್ಳಿ ಬಣ್ಣದ ಹುಳು ಓಡಿದರೆ, ಅಂಚಿನಲ್ಲಿ ಗೆದ್ದಲ ಮಣ್ಣು ಕಂಡರೆ ಆ ಪುಸ್ತಕ ಲೈಬ್ರರಿಗೆ ಹೋಗಕೂಡದು. ಅದರಿಂದ ಪಕ್ಕದ ಹತ್ತು ಪುಸ್ತಕಕ್ಕೆ ಹತ್ತುತ್ತದೆ. ಬರೀ ತೇವದ ವಾಸನೆಯಾದರೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಬಿಡಿಸಿ ನಿಲ್ಲಿಸಿ. ಬಿರುಬಿಸಿಲಿಗೆ ಹರವಿದರೆ ಹಾಳೆ ಹಪ್ಪಳವಾಗುತ್ತದೆ.

ಎಲ್ಲಿಗೆ ಕೊಡುವುದು? ನನ್ನನ್ನು ಕೇಳಿದರೆ ನಿಮ್ಮ ಊರಿಗೆ. ಬೆಂಗಳೂರಿನಲ್ಲಿ ಮನೆ ಮಾಡಿದ್ದೀರಿ, ಆದರೆ ತಾತನ ಊರಿನ ಗ್ರಾಮ ಪಂಚಾಯಿತಿಯಲ್ಲಿ ಒಂದು ಗ್ರಂಥಾಲಯ ಇದೆಯೆಂದು ನಿಮಗೆ ಗೊತ್ತೇ? ರಾಜ್ಯದಲ್ಲಿ ಇಂಥ 5,600ಕ್ಕೂ ಹೆಚ್ಚು ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು; ಈಗ ಅವಕ್ಕೆ ಅರಿವು ಕೇಂದ್ರ ಎಂಬ ಹೆಸರಿದೆ. ಕೋವಿಡ್ ವರ್ಷದಲ್ಲಿ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಎಂದು 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ‘ಪುಸ್ತಕ ಜೋಳಿಗೆ’ ಎಂದು ಮನೆಮನೆಯಿಂದ ಪುಸ್ತಕ ಸಂಗ್ರಹಿಸಿದರು. ಜೋಳಿಗೆಗೆ ಹಾಕುವವರು ಊರು ಬಿಟ್ಟವರೇ ಆದರೆ ಎಷ್ಟು ಚೆನ್ನ! ಅಲ್ಲಿನ ಗ್ರಂಥಪಾಲಕರಿಗೆ ಮೊದಲು ಫೋನು ಮಾಡಿ. ಬೇಕಾದ್ದು ಏನೆಂದು ಕೇಳಿ, ಅವರು ಹೇಳುವುದು ಬಹುಪಾಲು ಒಂದೇ: ಮಕ್ಕಳ ಕಥೆ, ಚಿತ್ರದ ಪುಸ್ತಕ, ಈ ವರ್ಷದ ಸ್ಪರ್ಧಾ ಪರೀಕ್ಷೆಯವು, ನಿಘಂಟು. ಸಂಸ್ಕೃತ ಶ್ಲೋಕದ ದಪ್ಪ ಸಂಪುಟ ಬೇಡ ಅಂದರೆ ಬೇಸರ ಮಾಡಿಕೊಳ್ಳಬೇಡಿ. ಆ ಕೋಣೆಯಲ್ಲಿ ಇರುವುದು ನಾಲ್ಕೈದು ಕಪಾಟು.

ಹೊತ್ತುಕೊಂಡು ಹೋಗಲು ಆಗದಿದ್ದರೆ ಅಂಚೆ ಇದೆ. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಶುರುವಾಗಿದೆ. ಶೈಕ್ಷಣಿಕ, ಸಾಂಸ್ಕೃತಿಕ ಪುಸ್ತಕಗಳಿಗೆ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ ಎಂದು ದರ ಇಟ್ಟು ತಂದದ್ದು. ನೆಲದ ಮೇಲೆ ಸಾಗುವ ಅಂಚೆ, ನಿಧಾನ. ಪುಸ್ತಕಕ್ಕೇನು ಅವಸರ.

ಅಪರೂಪದ್ದು ಸಿಕ್ಕರೆ ಮಾತ್ರ ಅವಸರ ಪಡಬೇಡಿ. 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಇತ್ತು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, 1909ರಲ್ಲಿ ಅಚ್ಚು ಹಾಕಿಸಿದರು. ಅದೇ ಕಟ್ಟು ಇನ್ಯಾವುದೋ ಬಾಗಿಲಿಗೆ ಹೋಗಿದ್ದರೆ ಒಲೆ ಹೊತ್ತಿಸಲು ಬಳಕೆಯಾಗುತ್ತಿತ್ತೋ ಏನೋ. ನಿಮ್ಮ ಮನೆಯ ಹಳೆಯ ಕಡತ, ಓಲೆಗರಿ, ತಾತನ ಕಾಲದ ಪತ್ರಿಕೆಯ ಬೈಂಡು ಇದ್ದರೆ ತಿಳಿದವರಿಗೆ ತೋರಿಸುವವರೆಗೆ ಕೆಳಗಿಳಿಸಲೇ ಬೇಡಿ. ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ಅಂಕೇಗೌಡರ ಹೆಸರನ್ನೂ ಕೇಳಿರುತ್ತೀರಿ. ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದು, ಸಂಪಾದನೆಯನ್ನು ಪುಸ್ತಕಕ್ಕೇ ಸುರಿದು ಲಕ್ಷಗಟ್ಟಲೆ ಸೇರಿಸಿದ ಮನುಷ್ಯ. ‘ಅಷ್ಟು ಇರುವ ಕಡೆ ನಮ್ಮದೂ ಇರಲಿ’ ಎಂದು ಎಲ್ಲರಿಗೂ ಅನ್ನಿಸುತ್ತದೆ. ಅಲ್ಲಿ ನೆಲದ ಮೇಲೂ ಪುಸ್ತಕದ ರಾಶಿ ಇದೆ, ವಿಂಗಡಿಸುವ ಕೈಗಳು ಸಾಲವು. ದೊಡ್ಡ ಭಂಡಾರಕ್ಕೆ ಒಂದು ಒಳ್ಳೆಯ ಪುಸ್ತಕ ಹುಡುಕಿ ಕೊಡಿ, ಮೂಟೆ ಕೊಡಬೇಡಿ.

ಪಾತ್ರೆಗಳ ಮಾತು ಸುಲಭ. ಸ್ಟೀಲಿಗೆ ಸಾವಿಲ್ಲ. ನಮ್ಮ ಮನೆಗಳ ಲೋಟ ತಟ್ಟೆಗಳ ಮೇಲೆಲ್ಲ ಹೆಸರು ಕೊರೆಸಿರುತ್ತೇವೆ. ಕೊಡುವಾಗ ಅದು ಅಡ್ಡ ಬರುತ್ತದೆಂದು ಎಷ್ಟೋ ಜನ ಹಾಗೇ ಇಟ್ಟುಕೊಳ್ಳುತ್ತಾರೆ. ಇರಲಿ ಬಿಡಿ, ನಿಮ್ಮತ್ತೆಯ ಹೆಸರಿನ ತಟ್ಟೆಯಲ್ಲಿ ಇನ್ಯಾರೋ ಉಂಡರೆ ಅತ್ತೆಗೆ ಪುಣ್ಯವೇ. ಡಜನ್‌ಗಟ್ಟಲೆ ತಟ್ಟೆ ಲೋಟ ಇದ್ದರೆ ಬಿಡಿಬಿಡಿಯಾಗಿ ಹಂಚದೆ ಊರ ದೇವಸ್ಥಾನಕ್ಕೋ ಸಮುದಾಯ ಭವನಕ್ಕೋ ಒಟ್ಟಿಗೆ ಕೊಡಿ, ನಾಮಕರಣ ಗೃಹಪ್ರವೇಶಕ್ಕೆ ಎರವಲು ಹೋಗಿಬರಲಿ. ಬೆಂಗಳೂರಿನ ಅದಮ್ಯ ಚೇತನದವರು ತಟ್ಟೆ ಬ್ಯಾಂಕ್ ಎಂದು ಇದನ್ನೇ ಮಾಡಿ ಪ್ಲಾಸ್ಟಿಕ್ ಲೋಟದ ರಾಶಿ ತಪ್ಪಿಸಿದ್ದಾರೆ. ಕುಕ್ಕರ್ ಕೊಡುವುದಾದರೆ ಗ್ಯಾಸ್ಕೆಟ್, ವೆಯ್ಟ್, ಸೇಫ್ಟಿ ವಾಲ್ವ್ ಸಮೇತ ಕೊಡಿ, ಸವೆದ ವಾಲ್ವಿನ ಕುಕ್ಕರ್ ಬಾಂಬಿಗೆ ಸಮ. ಮಿಕ್ಸಿಯನ್ನು ಪ್ಲಗ್ಗಿಗೆ ಹಾಕಿ ಒಂದು ಹಿಡಿ ಕಡಲೆಬೇಳೆ ರುಬ್ಬಿ ನೋಡಿಯೇ ಕೊಡಿ. ಕಪ್ಪು ಪದರ ಎದ್ದ ನಾನ್‌ಸ್ಟಿಕ್ ಕಾವಲಿ ಯಾರಿಗೂ ಬೇಡ. ಬಿದ್ದ ಹೆಲ್ಮೆಟ್ಟು, ಉಳಿದ ಮಾತ್ರೆ ಇವನ್ನು ದಾನದ ಪೆಟ್ಟಿಗೆಯ ಹತ್ತಿರವೂ ತರಬೇಡಿ.

(ನಮ್ಮಲ್ಲಿ ಮರುಬಳಕೆಗೆ ಯಾರ ಉಪದೇಶವೂ ಬೇಕಾಗದ ಒಂದೇ ವಸ್ತುವೆಂದರೆ ಅರಿಶಿನ ಕುಂಕುಮದ ಜೊತೆ ಕೊಡುವ ರವಿಕೆ ಕಣ. ಗೌರಿ ಹಬ್ಬಕ್ಕೆ ಹೊರಟದ್ದು ಹತ್ತು ಮನೆ ಸುತ್ತಿ ವರಮಹಾಲಕ್ಷ್ಮಿಗೆ ವಾಪಸು ಬಂದಿರುತ್ತದೆ. ಅದನ್ನು ಯಾರಾದರೂ ಹೊಲಿಸಿಕೊಂಡದ್ದನ್ನು ನಾನಂತೂ ನೋಡಿಲ್ಲ.)

ಹಳೆಯ ಹತ್ತಿ ಸೀರೆ, ಪಂಚೆಗಳ ಬಗ್ಗೆ ಉತ್ತರ ಕರ್ನಾಟಕದವರು ನಮಗಿಂತ ಬುದ್ಧಿವಂತರು. ಪದರ ಪದರ ಜೋಡಿಸಿ ಕೌದಿ ಹೊಲಿಸುತ್ತಾರೆ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರ ಕೌದಿಗಳ ಬಣ್ಣ ನೋಡಿದರೆ ಅದು ಹಳೇ ಬಟ್ಟೆಯೆಂದು ಯಾರೂ ಹೇಳರು. ಹೊಲಿಯುವವರು ಸಿಕ್ಕರೆ ಮೊದಲು ಕೇಳಿ, ಅವರಿಗೆ ಬೇಕಾದ್ದು ಒಗೆದು ಮೆತ್ತಗಾದ ಹತ್ತಿಬಟ್ಟೆ. ಜಾರುವ ಪಾಲಿಯೆಸ್ಟರ್ ಕೊಟ್ಟರೆ ಮುಖ ಸಿಂಡರಿಸುತ್ತಾರೆ. ಉಳಿದ ಚಿಲ್ಲರೆ ಸಾಮಾನಿಗೆ ನಗರಸಭೆಗಳು 2023ರ ಮೇನಲ್ಲಿ ತೆರೆದ ಆರ್‌ಆರ್‌ಆರ್ (ರೆಡ್ಯೂಸ್, ರೀಯೂಸ್, ರೀಸೈಕಲ್) ಕೇಂದ್ರಗಳಿವೆ. ನಿಮ್ಮ ವಾರ್ಡಿನದು ಈಗಲೂ ತೆರೆದಿದೆಯೇ ಎಂದು ಹೋಗುವ ಮೊದಲು ವಿಚಾರಿಸಿ. ಕೆಟ್ಟ ಚಾರ್ಜರು, ರಿಮೋಟು ಇ-ತ್ಯಾಜ್ಯಕ್ಕೆ.

ಹೇಳಲು ಸ್ವಲ್ಪ ಕಷ್ಟವಾದ ಮಾತು ಒಂದಿದೆ. ಯಾರಿಗೆ ಕೊಡುವುದೆಂದು ತಿಳಿಯದಿದ್ದರೆ ನಾವು ಮನೆ ಕೆಲಸದವಳನ್ನು ಕರೆಯುತ್ತೇವೆ. ಅವಳು ಬೇಡ ಅನ್ನಲಾರಳು. ಸಂಬಳ ಕೊಡುವ ಕೈ ಮುರಿದ ಕುರ್ಚಿ ಕೊಟ್ಟರೂ ತೆಗೆದುಕೊಳ್ಳಬೇಕು, ಬಸ್ಸಿನಲ್ಲಿ ಹೊತ್ತುಕೊಂಡು ಒಂದೇ ಕೋಣೆಯ ಮನೆಗೆ ಒಯ್ಯಬೇಕು, ಇಲ್ಲವೇ ದಾರಿಯಲ್ಲಿ ಬಿಸಾಡಬೇಕು. ಅವಳೆದುರು ಎಲ್ಲವನ್ನೂ ಹರವಿ, ‘ಬೇಕಾದ್ದು ಮಾತ್ರ ತಗೋ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಿ ಆ ಕಡೆ ಹೋಗಿಬಿಡಿ. ಎದುರು ನಿಂತರೆ ಅವಳು ಮುಲಾಜಿಗೆ ಬೀಳುತ್ತಾಳೆ. ದಸರಾ ಇನಾಮಿನ ಲೆಕ್ಕಕ್ಕೆ ಇದನ್ನು ಸೇರಿಸಬೇಡಿ. ಆ ಮಿಕ್ಸಿ ಏನಾಯಿತು ಎಂದು ಮೂರು ತಿಂಗಳ ಮೇಲೆ ಕೇಳಬೇಡಿ. ಮಾರಿಕೊಂಡಿದ್ದರೆ ಅವಳಿಗೆ ಆ ದುಡ್ಡು ಮಿಕ್ಸಿಗಿಂತ ಬೇಕಾಗಿತ್ತು ಅಷ್ಟೆ. ಆಶ್ರಮಕ್ಕೆ ಹೋದರೆ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಚಟವನ್ನೂ ಬಿಡಿ. ಅಲ್ಲಿನ ವಾರ್ಡನ್ನಿಗೆ ಪೆಟ್ಟಿಗೆ ಒಪ್ಪಿಸಿ, ಮೇಲೆ ಒಳಗೇನಿದೆಯೆಂದು ಪಟ್ಟಿ ಅಂಟಿಸಿ, ಕಾಫಿ ಕೊಟ್ಟರೆ ಕುಡಿದು ಬನ್ನಿ.

ಮತ್ತೆ, ಅಪ್ಪ ಅಮ್ಮ ಮಗಳ ಮನೆಗೆ ಹೋಗಿರುವ ಸಮಯ ನೋಡಿ ಅವರ ಕಪಾಟು ಖಾಲಿ ಮಾಡುವ ಮಕ್ಕಳಿಗೆ ಒಂದು ಮಾತು. ನಮ್ಮನ್ನು ಕೇಳಿ. ಕೂರಿಸಿಕೊಂಡು ಒಂದೊಂದೇ ಪುಸ್ತಕ ಎತ್ತಿ ತೋರಿಸಿ, ಇದು ಯಾರಿಗೆ ಅಂತ ಕೇಳಿ. ಅರ್ಧಕ್ಕೆ ನಾವೇ ಹೆಸರು ಹೇಳುತ್ತೇವೆ. ಯಾವ ಪುಸ್ತಕ ಯಾವ ಹಳೇ ಶಿಷ್ಯನಿಗೆ, ಯಾವ ಸೊಸೆಗೆ ಎಂದು ನಮ್ಮ ತಲೆಯಲ್ಲಿ ಯಾವತ್ತೋ ನಿಶ್ಚಯವಾಗಿರುತ್ತದೆ. ಒಂದು ಮಧ್ಯಾಹ್ನ ಪೂರ್ತಿ ಹಿಡಿಯುತ್ತದೆ. ಎರಡು ಸಲ ಕಾಫಿ ಮಾಡಬೇಕಾಗುತ್ತದೆ, ಕಥೆಗಳನ್ನೂ ಕೇಳಬೇಕಾಗುತ್ತದೆ, ಅದಕ್ಕೆ ತಯಾರಾಗಿ ಬನ್ನಿ.