ಮಗುವಿನ ಪಿಂಚಣಿ ಬಂದರೆ ತಾಯಿಯ ಪಿಂಚಣಿ ಹೋಗುತ್ತದೆಯೇ?

ಭಾನುವಾರದ ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಚದುರಿದರೂ ಒಬ್ಬ ತಾಯಿ ಬಾಗಿಲ ಬಳಿಯೇ ನಿಂತಿದ್ದರು. ಗಂಡ ತೀರಿಕೊಂಡಿದ್ದಾರೆ, ವಿಧವಾ ಪಿಂಚಣಿ 4,000 ರೂಪಾಯಿ ಬರುತ್ತದೆ. ಒಂಬತ್ತು ವರ್ಷದ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಅವನಿಗೆ ಇನ್ನೂ ಸದರಂ ಪ್ರಮಾಣಪತ್ರವನ್ನೇ ಮಾಡಿಸಿಲ್ಲ. ಯಾಕೆಂದು ಕೇಳಿದೆ. "ಅವನಿಗೆ ಪಿಂಚಣಿ ಬಂದ್ರೆ ನಂದು ನಿಲ್ಸ್ತಾರಂತೆ, ರೈಸ್ ಕಾರ್ಡೂ ಹೋಗುತ್ತಂತೆ. ಇರೋದನ್ನೂ ಯಾಕೆ ಕಳ್ಕೊಳ್ಳಲಿ?" ಅಂದರು. ಯಾರು ಹೇಳಿದರು ಎಂದರೆ, ಊರಲ್ಲಿ ಎಲ್ಲರೂ ಹೇಳುತ್ತಾರೆ.

ಎಲ್ಲರೂ ಹೇಳುವ ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಗಾಳಿಸುದ್ದಿ ಎಂದು ಈ ಸಲದ ಅಧ್ಯಯನದಲ್ಲಿ ನೋಡೋಣ. ನಮ್ಮ ಅಮರಾಪುರ, ಮಡಕಶಿರಾ, ರಾಯದುರ್ಗದ ಕಡೆ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. ನಡುವೆ ಅರ್ಧ ತಿಳಿದು ಅರ್ಧ ತಿಳಿಯದೆ ಉಳಿಯುವ ಸಂಗತಿಗಳು ಬಹಳ. ಪಿಂಚಣಿಯ ನಿಯಮವೂ ಅಂಥದ್ದೇ ಒಂದು.

ಮೊದಲು ಹಣದ ಲೆಕ್ಕ. ಆಂಧ್ರದಲ್ಲಿ ಈಗಿರುವುದು ಎನ್‌ಟಿಆರ್ ಭರೋಸಾ ಪಿಂಚಣಿ. 2024ರ ಜುಲೈ 1ರಿಂದ ವೃದ್ಧರಿಗೆ, ವಿಧವೆಯರಿಗೆ, ಒಂಟಿ ಮಹಿಳೆಯರಿಗೆ 4,000 ರೂಪಾಯಿ. ಅಂಗವಿಕಲರಿಗೆ ಅದಕ್ಕೂ ಮುಂಚೆ 3,000 ಇದ್ದದ್ದು 6,000 ಆಯಿತು. ಹಾಸಿಗೆ ಅಥವಾ ಗಾಲಿಕುರ್ಚಿಯಲ್ಲೇ ಇರಬೇಕಾದ ಅತಿ ತೀವ್ರ ಸ್ಥಿತಿಯವರಿಗೆ 15,000. ಅಂಗವಿಕಲರ ಪಿಂಚಣಿಗೆ ವಯಸ್ಸಿನ ಮಿತಿಯಿಲ್ಲ, ಶೇಕಡಾ 40 ಅಥವಾ ಹೆಚ್ಚು ಎಂದು ಸದರಂ ಪ್ರಮಾಣಪತ್ರ ಹೇಳಿದರೆ ಸಾಕು, ಮಗುವಿಗೂ ಬರುತ್ತದೆ. ಕೇಂದ್ರ ಸರ್ಕಾರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಯಾದರೋ 18 ವರ್ಷ ದಾಟಿದವರಿಗೆ, ಅದೂ ಶೇಕಡಾ 80ಕ್ಕೆ ಮೇಲ್ಪಟ್ಟವರಿಗೆ ಮಾತ್ರ, ತಿಂಗಳಿಗೆ 300 ರೂಪಾಯಿ. ಅಂದರೆ ನಮ್ಮ ಮಕ್ಕಳಿಗೆ ಸಿಗುವುದು ರಾಜ್ಯದ ಹಣ, ಅದರ ಷರತ್ತುಗಳೂ ರಾಜ್ಯದವೇ.

ಇಲ್ಲಿ ಒಂದು ಮಾತು. ಈ ಪಿಂಚಣಿಗೆ ಜಾತಿ ಪ್ರಮಾಣಪತ್ರ ಬೇಡ. ನಮ್ಮಲ್ಲಿ ಕೆಲವರು, ಕ್ರೈಸ್ತರೆಂದು ಗೊತ್ತಾದರೆ ಎಸ್‌ಸಿ ಹೋಗಿ ಬಿಸಿ-ಸಿ ಆಗುತ್ತದೆ, ಪಿಂಚಣಿಗೂ ಪೆಟ್ಟು ಬೀಳುತ್ತದೆ ಎಂದು ಹೆದರಿ ಅರ್ಜಿಯನ್ನೇ ಕೊಡದೆ ಇದ್ದಾರೆ. ಮಗುವಿನ ಕಾಲು ಯಾವ ಜಾತಿಯದು ಎಂದು ಯಾವ ಡಾಕ್ಟರೂ ಕೇಳುವುದಿಲ್ಲ.

ಇನ್ನು ಆ ತಾಯಿಯ ಪ್ರಶ್ನೆಗೆ ಬರೋಣ. ಅವರು ಕೇಳಿಸಿಕೊಂಡದ್ದಕ್ಕೆ ಒಂದು ಬೇರು ಇದೆ. 2019ರ ಡಿಸೆಂಬರ್‌ನಲ್ಲಿ ಬಂದ ಪಿಂಚಣಿ ಆದೇಶದಲ್ಲಿ ಒಂದು ಕುಟುಂಬಕ್ಕೆ ಒಂದೇ ಪಿಂಚಣಿ ಎಂಬ ನಿಯಮ ಬಂತು. ಅಜ್ಜನಿಗೂ ಅಜ್ಜಿಗೂ ಒಂದೇ ಕಾರ್ಡಿನಲ್ಲಿ ಬರುತ್ತಿದ್ದುದರಲ್ಲಿ ಒಂದು ನಿಂತದ್ದನ್ನು ಜನ ಕಣ್ಣಾರೆ ಕಂಡರು. ಆದರೆ ಅದೇ ನಿಯಮದಲ್ಲಿ ತೀವ್ರ ಅಂಗವೈಕಲ್ಯಕ್ಕೂ ಡಯಾಲಿಸಿಸ್‌ನಂಥ ದೊಡ್ಡ ಕಾಯಿಲೆಗಳಿಗೂ ವಿನಾಯಿತಿ ಇದೆ. ಊರಿನ ಮಾತಿನಲ್ಲಿ ನಿಯಮ ಉಳಿಯಿತು, ವಿನಾಯಿತಿ ಬಿದ್ದುಹೋಯಿತು. ಹಾಗಾಗಿ ಪ್ರಮಾಣಪತ್ರದಲ್ಲಿರುವ ಶೇಕಡಾ ಎಷ್ಟು ಎಂಬುದೇ ಇಲ್ಲಿ ಮುಖ್ಯ. ಕೈಕಾಲು ಎರಡೂ ಸ್ವಾಧೀನದಲ್ಲಿಲ್ಲದ ಮಗುವಿನ ವಿಷಯ ಬೇರೆ, ಒಂದು ಕಿವಿ ಸ್ವಲ್ಪ ಮಂದವಾದ ಮಗುವಿನ ವಿಷಯ ಬೇರೆ.

ಸರಿ, ಮಗುವಿಗೆ ಶೇಕಡಾ 45 ಬಂತು, ವಿನಾಯಿತಿ ಸಿಗಲಿಲ್ಲ, ಎರಡರಲ್ಲಿ ಒಂದೇ ಎಂದರು ಅಂತಲೇ ಇಟ್ಟುಕೊಳ್ಳಿ. ಆಗಲೂ ತಾಯಿಯ 4,000ದ ಬದಲು ಮಗುವಿನ 6,000 ಮನೆಗೆ ಬರುತ್ತದೆ. ವರ್ಷಕ್ಕೆ 24,000 ಹೆಚ್ಚೇ ಹೊರತು ಕಡಿಮೆಯಲ್ಲ. ಎರಡೂ ಬಂದರೆ ತಿಂಗಳಿಗೆ 10,000. ಯಾವ ದಾರಿಯಲ್ಲಿ ಲೆಕ್ಕ ಹಾಕಿದರೂ ಅರ್ಜಿ ಕೊಡದೆ ಕೂತದ್ದರಿಂದ ಆ ಮನೆ ಕಳೆದುಕೊಂಡದ್ದೇ ಜಾಸ್ತಿ.

ಹತ್ತು ಸಾವಿರ ಎಂದ ಕೂಡಲೇ ಇನ್ನೊಂದು ಭಯ ಏಳುತ್ತದೆ. ಹಳ್ಳಿಯಲ್ಲಿ ಕುಟುಂಬದ ಆದಾಯ ತಿಂಗಳಿಗೆ 10,000, ಪಟ್ಟಣದಲ್ಲಿ 12,000 ದಾಟಿದರೆ ರೈಸ್ ಕಾರ್ಡ್ ಇಲ್ಲ, ಪಿಂಚಣಿಯೂ ಇಲ್ಲ ಎಂಬ ನಿಯಮ ನಿಮಗೆಲ್ಲ ಗೊತ್ತು. ಪಿಂಚಣಿಯೇ ಆ ಮಿತಿಯನ್ನು ಮುಟ್ಟಿಸಿಬಿಟ್ಟರೆ? ಸಚಿವಾಲಯದ ಕಂಪ್ಯೂಟರ್ ಮನೆಯನ್ನು ತೂಗುವುದು ಆರು ಹೆಜ್ಜೆಯ ತಪಾಸಣೆಯಲ್ಲಿ: ಜಮೀನು, ನಾಲ್ಕು ಚಕ್ರದ ವಾಹನ, ಸರ್ಕಾರಿ ನೌಕರಿ ಅಥವಾ ನಿವೃತ್ತಿ ವೇತನ, ಆದಾಯ ತೆರಿಗೆ, ತಿಂಗಳಿಗೆ 300 ಯೂನಿಟ್ ಕರೆಂಟ್, ಪಟ್ಟಣದಲ್ಲಾದರೆ ಮನೆಯ ವಿಸ್ತೀರ್ಣ. ಸಾಮಾಜಿಕ ಪಿಂಚಣಿ ಈ ಆರರಲ್ಲಿ ಇಲ್ಲ. ಪಿಂಚಣಿ ಪಡೆಯುವ ಮನೆಗಳೇ ರೈಸ್ ಕಾರ್ಡಿನ ಮನೆಗಳು, ಒಂದು ಇನ್ನೊಂದನ್ನು ತಿಂದುಹಾಕುವ ಹಾಗೆ ಯೋಜನೆ ಮಾಡಿಲ್ಲ.

ಭಯ ತಪ್ಪಲ್ಲ, ಭಯ ಇರುವ ಜಾಗ ತಪ್ಪು. ನಿಜವಾಗಿ ಪೆಟ್ಟು ಬೀಳುವುದು ಮಗುವಿನ ಹಣದಿಂದಲ್ಲ, ಆ ಆರು ಹೆಜ್ಜೆಗಳಲ್ಲಿ ಎಲ್ಲೋ ಸಿಕ್ಕಿಕೊಂಡ ಬೇರೆಯವರ ಹೆಸರಿನಿಂದ. ಉದಾಹರಣೆಗೆ, ತಂದೆ ಸತ್ತು ಎಷ್ಟೋ ವರ್ಷವಾದರೂ ಜಮೀನು ಪಾಲಾಗಿರುವುದಿಲ್ಲ, ಖಾತೆಯೆಲ್ಲ ಒಬ್ಬ ಅಣ್ಣನ ಹೆಸರಿನಲ್ಲಿ ಇರುತ್ತದೆ. ತರಿ 3 ಎಕರೆ ಅಥವಾ ಖುಷ್ಕಿ 10 ಎಕರೆ ಮಿತಿ. ನಾಲ್ಕು ಜನ ತಮ್ಮಂದಿರ ಪಾಲೂ ಅವನ ಮೇಲೇ ಕಾಣಿಸುತ್ತದೆ, ಅವನ ಮಗುವಿನ ಪಿಂಚಣಿ ನಿಲ್ಲುತ್ತದೆ. ಅಡಕೆ ತೋಟದ ಮನೆಯೂ ಊರ ಮನೆಯೂ ಒಂದೇ ಮೀಟರಿನಲ್ಲಿದ್ದರೆ ಬೇಸಿಗೆಯಲ್ಲಿ 300 ಯೂನಿಟ್ ದಾಟುವುದು ಕಷ್ಟವೇನಲ್ಲ. ಆಟೋ, ಟ್ಯಾಕ್ಸಿ, ಟ್ರ್ಯಾಕ್ಟರ್‌ಗೆ ವಿನಾಯಿತಿ ಇದೆ, ಆದರೆ ಬಾಮೈದ ಸಾಲ ಸಿಗಲೆಂದು ನಿಮ್ಮ ಹೆಸರಿನಲ್ಲಿ ತೆಗೆದ ಸ್ವಂತ ಬಳಕೆಯ ಕಾರಿಗೆ ಇಲ್ಲ. ಪೌರಕಾರ್ಮಿಕರನ್ನು ಸರ್ಕಾರಿ ನೌಕರರ ಲೆಕ್ಕದಿಂದ ಬಿಟ್ಟಿದ್ದಾರೆ.

ಎಲ್ಲಕ್ಕಿಂತ ಹೆಚ್ಚು ಕಷ್ಟಪಡುವುದು ಮಗುವನ್ನು ಕಟ್ಟಿಕೊಂಡು ತವರಿಗೆ ಬಂದ ಹೆಣ್ಣುಮಕ್ಕಳು. ಇಂಥ ಮಗು ಹುಟ್ಟಿತೆಂದು ಗಂಡನ ಮನೆಯವರು ಬಿಟ್ಟ ಸಂಗತಿಗಳು ನಮ್ಮ ನಡುವೆಯೂ ಇವೆ, ಹೇಳಿಕೊಳ್ಳುವುದಿಲ್ಲ ಅಷ್ಟೇ. ತವರಿಗೆ ಬಂದ ಮೇಲೆ ಅಣ್ಣ ಪ್ರೀತಿಯಿಂದಲೇ ತನ್ನ ಕಾರ್ಡಿಗೆ ತಂಗಿಯ ಹೆಸರು, ಮಗುವಿನ ಹೆಸರು ಸೇರಿಸಲು ಹೊರಡುತ್ತಾನೆ. ಅಣ್ಣ ಕೂಲಿಯವನಾದರೆ ತೊಂದರೆಯಿಲ್ಲ. ಅವನು ಸರ್ಕಾರಿ ಶಾಲೆಯ ಮೇಷ್ಟ್ರೋ ಕಾನ್‌ಸ್ಟೇಬಲ್ಲೋ ಆಗಿದ್ದರೆ, ಅವನ ಕುಟುಂಬದ ಲೆಕ್ಕಕ್ಕೆ ಸೇರಿದ ದಿನವೇ ಕಂಪ್ಯೂಟರಿನ ಕಣ್ಣಿಗೆ ಆ ತಾಯಿಯೂ ಮಗುವೂ ನೌಕರನ ಮನೆಯವರು. ತಾಯಿಯ ಪಿಂಚಣಿ, ಮಗುವಿನ ಪಿಂಚಣಿ, ಅಕ್ಕಿ ಮೂರಕ್ಕೂ ಒಟ್ಟಿಗೆ ಕುತ್ತು ಬರುತ್ತದೆ. ಆದ್ದರಿಂದ ಹೆಸರು ಸೇರಿಸುವ ಮೊದಲು, ತಾಯಿ ಮಗು ಇಬ್ಬರನ್ನೇ ಬೇರೆ ಕುಟುಂಬವೆಂದು ಬರೆಸಲು ಏನು ಬೇಕೆಂದು ಗ್ರಾಮ ಸಚಿವಾಲಯದಲ್ಲಿ ವಿಚಾರಿಸಿ. ಒಮ್ಮೆ ಸೇರಿದ ಹೆಸರನ್ನು ಬಿಡಿಸುವುದು ಸೇರಿಸಿದಷ್ಟು ಸುಲಭವಲ್ಲ.

ಗಡಿಯ ಊರಾದ್ದರಿಂದ ನಮಗೆ ಇನ್ನೊಂದು ಆಸೆಯ ಬಲೆ ಇದೆ. ಶಿರಾ, ಪಾವಗಡ, ಹಿರಿಯೂರಿನ ಕಡೆ ಕೊಟ್ಟು ತಂದ ಸಂಬಂಧಗಳು ಎಲ್ಲರಿಗೂ ಉಂಟು. ಆ ಕಡೆ 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ಗೃಹಲಕ್ಷ್ಮಿಯ 2,000. ಈ ಕಡೆ ಮಗುವಿಗೆ 6,000. ಅಮ್ಮನ ಹೆಸರು ಅಲ್ಲಿ, ಮಗುವಿನ ಹೆಸರು ಇಲ್ಲಿ ಇಟ್ಟರೆ ಎರಡೂ ಸಿಗುತ್ತದಲ್ಲ ಎಂಬ ಉಪಾಯ ಕೇಳಲು ಚೆನ್ನಾಗಿದೆ. ಆಧಾರ್ ಒಂದೇ, ರೇಷನ್ ಕಾರ್ಡ್ ಒಂದೇ ಕಡೆ ಇರಬೇಕು. ಸಿಕ್ಕಿಬಿದ್ದರೆ ನಿಲ್ಲುವುದು ದೊಡ್ಡ ಮೊತ್ತವೇ. ವಾಸ ಎಲ್ಲಿದೆಯೋ ಅಲ್ಲಿಯದನ್ನೇ ಪಡೆಯಿರಿ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ಗೋ ತುಮಕೂರಿಗೋ ಹೋಗಿ ಚಿಕಿತ್ಸೆ ಮಾಡಿಸಿದ್ದರೆ ಆ ಚೀಟಿಗಳನ್ನು ಬಿಸಾಡಬೇಡಿ, ಸದರಂ ಶಿಬಿರಕ್ಕೆ ಹೋಗುವಾಗ ಡಾಕ್ಟರಿಗೆ ತೋರಿಸಲು ಬೇಕು.

ಸದರಂ ಶಿಬಿರದಲ್ಲಿ ಭಾಷೆಯ ಕಡೆ ಗಮನವಿರಲಿ. ಹಿಂದೂಪುರದ ಆಸ್ಪತ್ರೆಯಲ್ಲಿ ಕೇಳುವ ಪ್ರಶ್ನೆ ತೆಲುಗಿನಲ್ಲಿ, ಮಗುವಿಗೆ ಗೊತ್ತಿರುವುದು ಕನ್ನಡ. ಬುದ್ಧಿಶಕ್ತಿಯನ್ನೋ ಮಾತನ್ನೋ ಪರೀಕ್ಷಿಸುವಾಗ ಮಗು ಸುಮ್ಮನಿದ್ದರೆ ಅದು ಕಾಯಿಲೆಯಿಂದಲೋ ಭಾಷೆ ತಿಳಿಯದೆಯೋ ಎಂದು ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ತಾಯಿ ಪಕ್ಕದಲ್ಲೇ ನಿಂತು, ನಮ್ಮ ಮನೆಮಾತು ಕನ್ನಡ ಎಂದು ಮೊದಲೇ ಹೇಳಿ. ಮಗು ಮನೆಯಲ್ಲಿ ಏನು ಮಾಡಬಲ್ಲದು, ಏನು ಆಗುವುದಿಲ್ಲ ಎಂಬುದನ್ನು ಇದ್ದ ಹಾಗೆ ಹೇಳಿ. ಹೆಚ್ಚು ಹೇಳಿ ಶೇಕಡಾ ಏರಿಸಿಕೊಂಡದ್ದು ಮರುಪರೀಕ್ಷೆಯಲ್ಲಿ ಬಯಲಾಗುತ್ತದೆ. 2025ರಲ್ಲಿ ರಾಜ್ಯದ ಉದ್ದಕ್ಕೂ ಅಂಗವಿಕಲರ ಪ್ರಮಾಣಪತ್ರಗಳನ್ನು ಡಾಕ್ಟರುಗಳು ಮತ್ತೆ ಪರಿಶೀಲಿಸಿದರು, ಆಗಸ್ಟ್‌ನಲ್ಲಿ ಬಹಳ ಜನರಿಗೆ ನೋಟೀಸು ಬಂತು. ಅನರ್ಹರ ಜೊತೆ ನಿಜವಾಗಿ ಅರ್ಹರಾದವರಿಗೂ ಬಂತೆಂದು ಕೂಗೆದ್ದು, ಎಂಪಿಡಿಒ ಕಚೇರಿಯಲ್ಲಿ ಮೇಲ್ಮನವಿಗೆ ಅವಕಾಶ ಕೊಟ್ಟರು. ನೋಟೀಸು ಬಂದರೆ ಅಳುತ್ತಾ ಕೂರಬೇಡಿ, ಅದರಲ್ಲಿರುವ ತಾರೀಖಿನೊಳಗೆ ಅರ್ಜಿ ಹಾಕಿ. ಮಕ್ಕಳಿಗೆ ಕೊಡುವ ಪ್ರಮಾಣಪತ್ರ ಎಷ್ಟೋ ಸಲ ತಾತ್ಕಾಲಿಕ, ಅವಧಿ ಯಾವಾಗ ಮುಗಿಯುತ್ತದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮನೆಗಳಿಗೆ ಒಂದು ಸೂಚನೆ. ಪಿಂಚಣಿ ತಿಂಗಳ ಮೊದಲಿಗೆ ಮನೆಬಾಗಿಲಿಗೇ ಬರುತ್ತದೆ. ಒಂದೆರಡು ತಿಂಗಳು ಸಿಗದಿದ್ದರೆ ಮೂರನೆಯ ತಿಂಗಳು ಬಾಕಿ ಸೇರಿಸಿ ಪಡೆಯಬಹುದು. ಆ ತಿಂಗಳೂ ತಪ್ಪಿದರೆ ಊರು ಬಿಟ್ಟವರೆಂದು ನಿಲ್ಲಿಸುತ್ತಾರೆ.

ಶಾಲೆಯ ಹಣ ಬೇರೆ ಲೆಕ್ಕ. 2025ರ ಜೂನ್‌ನಲ್ಲಿ ಬಂದ ತಲ್ಲಿಕಿ ವಂದನಂ ಹಣ ಓದುವ ಪ್ರತಿ ಮಗುವಿಗೂ ತಾಯಿಯ ಖಾತೆಗೆ. 15,000ದಲ್ಲಿ ಶಾಲೆಗೆಂದು 2,000 ಹಿಡಿದು 13,000 ಹಾಕಿದರು. ಇಲ್ಲಿ ತೊಡಕು ಶೇಕಡಾ 75 ಹಾಜರಾತಿ. ಫಿಜಿಯೋಥೆರಪಿಗೆಂದು ವಾರಕ್ಕೆರಡು ದಿನ ತಪ್ಪಿಸುವ ಮಗುವಿನ ಹಾಜರಿ ಹೇಗೆ ಬರೆಯುತ್ತಾರೆಂದು ವರ್ಷದ ಶುರುವಿನಲ್ಲೇ ಮೇಷ್ಟ್ರನ್ನು ಕೇಳಿ. ಭವಿತಾ ಕೇಂದ್ರಕ್ಕೆ ಹೋಗುವ ಮಕ್ಕಳ ವಿಷಯದಲ್ಲೂ ಇದೇ ಪ್ರಶ್ನೆ ಕೇಳಬೇಕು.

ಒಬ್ಬರಿಗೆ ಕೊಟ್ಟದ್ದನ್ನು ನೋಡಿ ಇನ್ನೊಂದನ್ನು ಕಡಿಮೆ ಮಾಡುವ ಪದ್ಧತಿ ಎಲ್ಲೂ ಇಲ್ಲವೆಂದು ಹೇಳಲಾರೆ. ಕಾಸರಗೋಡಿನಲ್ಲಿ ನಮ್ಮಂತೆಯೇ ಕನ್ನಡ ಮಾತಾಡುವ ಎಣ್ಮಕಜೆಯಂಥ ಊರುಗಳಲ್ಲಿ ಎಂಡೋಸಲ್ಫಾನ್ ಸಿಂಪಡಣೆಯಿಂದ ನೊಂದ ಮಕ್ಕಳಿಗೆ ಕೇರಳ ಸರ್ಕಾರ ಮಾಸಾಶನ ಕೊಡುತ್ತದೆ. ಹಾಸಿಗೆ ಹಿಡಿದವರಿಗೆ 2,200 ರೂಪಾಯಿ, ಅಂಗವಿಕಲರ ಪಿಂಚಣಿ ಬೇರೆ ಬರುತ್ತಿದ್ದರೆ 1,700. ಅಲ್ಲಿ ಕಳೆದದ್ದು ಅದೇ ಮಗುವಿನ ಎರಡು ಹಣದ ನಡುವೆ. ಆದರೆ ಅದೇ ಕೇರಳದಲ್ಲಿ ಆಶ್ವಾಸಕಿರಣಂ ಎಂದು ಆರೈಕೆ ಮಾಡುವ ತಾಯಿಗೂ ಒಂದು ಮೊತ್ತವಿದೆ. ಇಂಗ್ಲೆಂಡಿನಲ್ಲಿ ಮಗುವಿಗೆ ಅಂಗವೈಕಲ್ಯ ಭತ್ಯೆ ಮಂಜೂರಾಯಿತೆಂದರೆ ಅದನ್ನೇ ಆಧಾರ ಮಾಡಿಕೊಂಡು ತಂದೆತಾಯಿಯ ನೆರವನ್ನು ಹೆಚ್ಚಿಸುತ್ತಾರೆ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೆಯ ಕಲಮಿನಲ್ಲೂ ಆರೈಕೆ ಭತ್ಯೆಯ ಮಾತಿದೆ. ಆಂಧ್ರದ ಪಿಂಚಣಿ ಪಟ್ಟಿಯಲ್ಲಿ ಮಾತ್ರ ಆ ಸಾಲು ಇನ್ನೂ ಕಾಣಿಸಿಲ್ಲ. ಮಗುವನ್ನು ಎತ್ತಿ ಇಳಿಸಿ ಸೊಂಟ ಕಳೆದುಕೊಂಡು, ಕೂಲಿಗೂ ಹೋಗಲಾಗದ ತಾಯಂದಿರನ್ನು ನೋಡಿದಾಗ, ಹೋಗುವುದರ ಬಗ್ಗೆ ಹೆದರುವ ಬದಲು ಬರಬೇಕಾದದ್ದನ್ನು ಕೇಳಬೇಕಿತ್ತು ಅನ್ನಿಸುತ್ತದೆ.

ಆ ತಾಯಿ ಸದರಂಗೆ ಹೆಸರು ಬರೆಸಿದ್ದಾರೆ. ಹೊಸ ಪಿಂಚಣಿ ಅರ್ಜಿಯನ್ನು ಸರ್ಕಾರ ಹೇಳಿದಾಗ ಮಾತ್ರ ತೆಗೆದುಕೊಳ್ಳುವುದರಿಂದ ಪ್ರಮಾಣಪತ್ರ ಮೊದಲೇ ಕೈಯಲ್ಲಿರಬೇಕು. ಇಂಥ ಮಕ್ಕಳಿರುವ ಬೇರೆ ಮನೆಯವರೂ ಮುಂದಿನ ವಾರ್ಡ್ ಕೂಟಕ್ಕೆ ರೈಸ್ ಕಾರ್ಡ್, ಎಲ್ಲರ ಆಧಾರ್, ಹಿಂದಿನ ಆರು ತಿಂಗಳ ಕರೆಂಟ್ ಬಿಲ್, ಜಮೀನಿದ್ದರೆ ಪಾಸ್‌ಬುಕ್ ತನ್ನಿ. ತೆಲುಗು ಓದಬಲ್ಲ ನಮ್ಮ ಯುವಕರು ಕೂತು ಒಂದೊಂದಾಗಿ ನೋಡಿಕೊಡುತ್ತಾರೆ.